ಛತ್ರದ ಕುರ್ಚಿ ಬಿಡದ ಶ್ರೀಯುತರು

ಶ್ರೀಯುತರು ತೀರಿಕೊಂಡ ಸುದ್ದಿ ನನಗೆ ಛತ್ರದ ಬುಕಿಂಗ್ ರೂಪದಲ್ಲಿ ಬಂತು. ಬೇರೆ ಯಾವ ರೂಪದಲ್ಲಿ ಬಂದಿದ್ದರೂ ಅವರ ಘನತೆಗೆ ಕುಂದಾಗುತ್ತಿತ್ತು.

ಯಲಹಂಕದಲ್ಲಿ ನಾನು ಮ್ಯಾನೇಜರಾಗಿರುವ ಮದುವೆ ಛತ್ರಕ್ಕೆ ಹೋದ ತಿಂಗಳು ಒಬ್ಬರು ಬಂದರು. ನಲವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಷರಟು, ಕ್ಷೌರ ಕಾಣದ ಗಡ್ಡ. ಆಫೀಸು ಕೋಣೆಯ ಒಳಗೆ ಬರದೆ ಹೊಸ್ತಿಲಾಚೆಯೇ ನಿಂತರು. ಬೆಳಗಿನ ಹೊತ್ತು ಹಾಲ್ ಬೇಕು, ಸಣ್ಣದೊಂದು ಹೋಮ, ಆಮೇಲೆ ಊಟ, ಹೆಚ್ಚು ಜನ ಇಲ್ಲ ಎಂದರು. ನಾನು ಕೇಳಿದೆ: "ತೋರಣಕ್ಕೆ ಮಾವಿನಸೊಪ್ಪು ನೀವೇ ತರ್ತೀರಾ, ನಾವು ತರಿಸ್ಬೇಕಾ?"

ಬಂದವರು ಬಾಯಿ ತೆರೆದು ಮುಚ್ಚಿದರು. ಆ ಮೌನದಿಂದ ಯಾರೋ ಹೋಗಿದ್ದಾರೆ ಎಂದು ತಿಳಿಯಿತು. ತಲೆಯೆತ್ತಿ ಸರಿಯಾಗಿ ನೋಡಿದಾಗ ಯಾರು ಎಂಬುದೂ ತಿಳಿಯಿತು, ಮೂಗಿನಿಂದ. ಅಂಥ ಮೂಗು ಉತ್ತರ ಬೆಂಗಳೂರಿನಲ್ಲಿ ಒಂದೇ ಸಂಸಾರಕ್ಕೆ ಮಂಜೂರಾಗಿತ್ತು.

ಹೆಸರು ಬರೆಯುವುದಿಲ್ಲ. ಬರೆದರೆ ಮನೆಯವರು ನೊಂದುಕೊಂಡಾರು ಎಂದಲ್ಲ. ಶ್ರೀಯುತರು ಈಗ ಎಲ್ಲಿದ್ದಾರೋ ಅಲ್ಲಿ ಹೆಮ್ಮೆಪಟ್ಟುಕೊಂಡಾರು ಎಂದು. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಪ್ರಯತ್ನಪಟ್ಟೆ. ಅವರ ಕೈಬರಹ ಚೆನ್ನಾಗಿತ್ತು.

ಅವರ ಕೈಕೆಳಗೆ ನಾನು ಹೇಗೆ ಬಂದು ಬಿದ್ದೆ ಎಂಬುದನ್ನು ಮೊದಲು ಹೇಳಬೇಕು. ನನಗೆ ಐವತ್ತು ದಾಟಿದ ಮೇಲೆ, ನಾಗಸಂದ್ರದ ಹತ್ತಿರ ನಾನು ದುಡಿಯುತ್ತಿದ್ದ ಪಂಪ್‌ಸೆಟ್ ಕಾರ್ಖಾನೆ ಬಾಗಿಲು ಹಾಕಿತು. ಅಲ್ಲಿ ನಾನು ಡಿಸ್ಪ್ಯಾಚ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಆ ವಿಭಾಗದಿಂದ ಹೊರಹೋದ ಕೊನೆಯ ಸಾಮಾನು ನಾನೇ. ಆಮೇಲೆ ನಾಲ್ಕು ವರ್ಷ ಯಶವಂತಪುರದ ಮನೆಯಲ್ಲಿ ಕೂತೆ. ಕೂತೆ ಎಂದರೆ ತಪ್ಪಾದೀತು, ಇಂಟರ್‌ವ್ಯೂಗಳಿಗೆ ಓಡಾಡಿದೆ. ನನ್ನ ಮಗಳ ವಯಸ್ಸಿನವರು ಎದುರಿಗೆ ಕೂತು, "ಈ ಫೋರ್ ಇಯರ್ಸ್ ಏನ್ ಮಾಡ್ತಿದ್ರಿ ಸಾರ್?" ಎನ್ನುವರು. "ಇದನ್ನೇ ಮಾಡ್ತಿದ್ದೆ" ಎನ್ನುವೆ. ಅವರು ನಗುವರು, ತಿಳಿಸ್ತೀವಿ ಎನ್ನುವರು, ತಿಳಿಸದೇ ಇರುವರು.

ಹೆಂಡತಿ ಶಾಲೆಯಲ್ಲಿ ಟೀಚರು. ಬೆಳಗ್ಗೆ ಅವಳು ಹೊರಟರೆ ಗೇಟಿನ ತನಕ ಹೋಗಿ ಕೈಬೀಸಿ ಬರುವ ಗಂಡಸು ನಾನಾದೆ. ಬೀದಿಗೆ ನಾನು ಸಾರ್ವಜನಿಕ ಸೊತ್ತಾದೆ. ಯಾರ ಮನೆಗೆ ಸಿಲಿಂಡರ್ ಬರಲಿ, ಯಾರ ಮನೆಗೆ ಕೊರಿಯರ್ ಬರಲಿ, "ಅಂಕಲ್ ಮನೇಲೇ ಇರ್ತಾರೆ, ಅಲ್ಲಿ ಕೊಡಿ" ಎಂಬ ಮಾತು ಫೋನಿನಲ್ಲಿ ನನ್ನ ಕಿವಿಗೇ ಬೀಳುತ್ತಿತ್ತು. ಮನೆಯಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದಿರಲು ಅವರು ಪಡುತ್ತಿದ್ದ ಕಷ್ಟ ನೋಡಲಾಗುತ್ತಿರಲಿಲ್ಲ.

ಇಂಥ ಸಮಯದಲ್ಲಿ ಹೆಂಡತಿಯ ಸಹೋದ್ಯೋಗಿಯೊಬ್ಬರು ತಮ್ಮ ಭಾವನ ಹತ್ತಿರ ಕಳಿಸಿದರು. ಭಾವನಿಗೆ ಯಲಹಂಕದಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ. ಅವರ ತಂದೆ ಕಟ್ಟಿಸಿದ ಮದುವೆ ಛತ್ರವೂ ಇತ್ತು. ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ ಮ್ಯಾನೇಜರಿಗೆ ಎಪ್ಪತ್ತು ದಾಟ್ತು. ಅವರ ಜೊತೆ ಇದ್ದು ಕಲ್ತ್ಕೊಳ್ಳಿ. ಆಷಾಢದಲ್ಲಿ ಹೆಂಗೂ ಮದ್ವೆ ಇರಲ್ಲ, ಅಷ್ಟೊತ್ತಿಗೆ ತೀರ್ಮಾನ ಮಾಡಣ. ಅವ್ರು ನಿಮ್ಮನ್ನ ಆಗ್ಬೋದು ಅಂದ್ರೆ ನಿಮ್ಮನ್ನೇ ಹಾಕ್ತೀನಿ" ಎಂದರು.

ಅಂದರೆ ಶ್ರೀಯುತರನ್ನು ಮನೆಗೆ ಕಳಿಸಲು ನಾನು ಯೋಗ್ಯನೋ ಅಲ್ಲವೋ ಎಂದು ನಿರ್ಧರಿಸಬೇಕಾದವರು ಶ್ರೀಯುತರೇ. ಇಂಥ ಏರ್ಪಾಟು ಸಿಮೆಂಟು ಮಾರುವವರಿಗೆ ಮಾತ್ರ ಹೊಳೆಯುತ್ತದೆ.

ಮೊದಲ ದಿನ ಆಫೀಸು ಕೋಣೆಗೆ ಹೋದಾಗ ಅವರು ಬೂದು ಬಣ್ಣದ ಸಫಾರಿಯಲ್ಲಿ, ಸೊಂಟಕ್ಕೆ ಬೀಗದ ಕೈ ಗೊಂಚಲು ಕಟ್ಟಿಕೊಂಡು, ಕೈಯಿರುವ ಮರದ ಕುರ್ಚಿಯಲ್ಲಿ ಕೂತಿದ್ದರು. ಕೋಣೆಯಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ. ಹಾಲಿನಿಂದ ಒಂದು ತರೋಣವೆಂದು ಹೊರಟೆ.

"ಎಲ್ಲಿಗೆ?"

"ಒಂದು ಕುರ್ಚಿ ತಗೊಂಡ್ಬರ್ತೀನಿ ಸಾರ್."

"ಅವು ಪಾರ್ಟಿಯೋರ್ದು ಕಣ್ರೀ. ಬಾಡಿಗೆ ಕೊಟ್ಟಿರ್ತಾರೆ."

"ಇವತ್ತು ಯಾವ ಪಾರ್ಟೀನೂ ಇಲ್ವಲ್ಲ ಸಾರ್."

"ನಾಳೆ ಇದಾರಲ್ಲ."

ಏಳುನೂರು ಕುರ್ಚಿಗಳಿದ್ದ ಆ ಕಟ್ಟಡದಲ್ಲಿ ನಾನು ಮೂರು ತಿಂಗಳು ನಿಂತೇ ಕೆಲಸ ಕಲಿತೆ. ಕಾಲು ನೋವೆಂದರೆ ಅಡುಗೆಮನೆಗೆ ಹೋಗಿ ಅಕ್ಕಿ ಮೂಟೆಯ ಮೇಲೆ ಕೂರುತ್ತಿದ್ದೆ. ಅಲ್ಲಿಗೂ ಬಂದು, "ಅನ್ನ ಮುದ್ದೆ ಆದ್ರೆ ಯಾರು ಜವಾಬ್ದಾರಿ?" ಎಂದು ಎಬ್ಬಿಸುತ್ತಿದ್ದರು.

ನನ್ನ ಹೆಸರನ್ನು ಅವರು ಒಮ್ಮೆಯೂ ಉಚ್ಚರಿಸಲಿಲ್ಲ. ನನಗೆ ಅವರಿಟ್ಟ ಹೆಸರು ಟ್ರೈನಿಂಗು. "ಏನ್ ಟ್ರೈನಿಂಗು, ಬಂದ್ರಾ?" "ಟ್ರೈನಿಂಗೂ, ಆ ಕೈತೊಳಿಯೋ ನಲ್ಲಿ ಸೋರ್ತಿದೆ, ನೋಡಿ." ಬಹುವಚನ ಮಾತ್ರ ಬಿಟ್ಟವರಲ್ಲ. ಏಕವಚನದಲ್ಲಿ ಬೈದರೆ ತಿರುಗಿ ಬೈಯಬಹುದು. ಬಹುವಚನದ ಬೈಗುಳಕ್ಕೆ ತಲೆದೂಗಬೇಕಾಗುತ್ತದೆ. ಅಡುಗೆ ಭಟ್ಟರಿಂದ ಕಸ ಗುಡಿಸುವ ಲಕ್ಷ್ಮಮ್ಮನ ತನಕ ಎಲ್ಲರೂ ನನ್ನನ್ನು ಟ್ರೈನಿಂಗ್ ಸಾರ್ ಎಂದೇ ಕರೆದರು. ಲಕ್ಷ್ಮಮ್ಮ ಅದು ನನ್ನ ಮನೆತನದ ಹೆಸರೆಂದು ಬಹಳ ಕಾಲ ತಿಳಿದಿದ್ದಳು.

ಅವರ ಬೋಧನಾಕ್ರಮ ಅಪೂರ್ವವಾದದ್ದು. ಒಂದು ಸಂಜೆ ಆರತಕ್ಷತೆಯ ನಡುವೆ ಕರೆಂಟು ಹೋಯಿತು. "ಜನರೇಟರ್ ರೂಮಿನ ಬೀಗದ ಕೈ ವರನ ಕೋಣೇಲಿದೆ ಟ್ರೈನಿಂಗು, ಓಡಿ" ಎಂದರು. ಓಡಿದೆ. ಕತ್ತಲಲ್ಲಿ ಬಾಗಿಲು ತಳ್ಳಿದರೆ ವರಮಹಾಶಯರು ಪಂಚೆಗೂ ಪ್ಯಾಂಟಿಗೂ ನಡುವಿನ ಸ್ಥಿತಿಯಲ್ಲಿದ್ದರು. ಸೋದರಮಾವನೊಬ್ಬ, ಒಡವೆ ಕದಿಯಲು ಬಂದವನೆಂದು ನನ್ನ ಕತ್ತುಪಟ್ಟಿ ಹಿಡಿದ. ಅಷ್ಟರಲ್ಲಿ ದೀಪ ಹತ್ತಿತು. ಕೆಳಗೆ ಬಂದರೆ ಶ್ರೀಯುತರು ಜನರೇಟರ್ ರೂಮಿಗೆ ಬೀಗ ಹಾಕಿ, ಅದರ ಬೀಗದ ಕೈಯನ್ನು ಮತ್ತೆ ಸೊಂಟದ ಗೊಂಚಲಿಗೆ ಸೇರಿಸುತ್ತಿದ್ದರು. "ನನ್ನ ಹತ್ರಾನೇ ಇತ್ತು ನೋಡಿ, ವಯಸ್ಸಾಯ್ತಲ್ಲ" ಎಂದರು. ವಯಸ್ಸಾಯಿತೆಂದು ಅವರು ಒಪ್ಪಿಕೊಂಡದ್ದು ಅದೊಂದೇ ಸಲ.

ನಾನೂ ಅವರಿಗೆ ಬೇಕಾದಷ್ಟು ಸಾಮಗ್ರಿ ಒದಗಿಸಿದೆ ಎನ್ನಬೇಕು. ಮೊದಲ ಮದುವೆ ಮುಗಿದು ಗಂಡು ಹೆಣ್ಣು ಕಾರು ಹತ್ತುವಾಗ, ಗಿರಾಕಿಗಳನ್ನು ಬೀಳ್ಕೊಟ್ಟು ರೂಢಿಯಿದ್ದ ನಾನು, ಕೈಮುಗಿದು "ಬಹಳ ಸಂತೋಷ ಸಾರ್, ಮತ್ತೆ ಬನ್ನಿ" ಎಂದೆ. ಮದುಮಗ ಮದುಮಗಳ ಮುಖ ನೋಡಿದ. ಮದುಮಗಳು ನನ್ನ ಮುಖ ನೋಡಿದಳು. ಶ್ರೀಯುತರು ನಗಲಿಲ್ಲ. ಮರುದಿನ ಹೂವಿನವನು, ವಾಲಗದವರು, ವಿಡಿಯೋದವನು, ಯಾರು ಬಂದರೂ ನನ್ನನ್ನು ಕರೆದು, "ಟ್ರೈನಿಂಗು, ನಿನ್ನೆ ಗಂಡಿಗೆ ಏನಂದ್ರಿ, ಇವರಿಗೂ ಒಂದ್ಸಲ ಹೇಳಿ" ಎನ್ನುತ್ತಿದ್ದರು. ಹೇಳುತ್ತಿದ್ದೆ. ಕೆಲಸ ಬೇಕಾಗಿತ್ತು.

ಒಂದು ಮಧ್ಯಾಹ್ನ ಛತ್ರ ಖಾಲಿಯಿತ್ತು. ಅವರು ಕುರ್ಚಿಯಲ್ಲಿ, ನಾನು ಕಿಟಕಿಗೆ ಒರಗಿಕೊಂಡು. ಅಡುಗೆ ಭಟ್ಟರು ಹಿಂದಿನ ದಿನ ನನಗೊಂದು ವಿಷಯ ಹೇಳಿದ್ದರು: ಶ್ರೀಯುತರೂ ಹಿಂದೆ ಒಂದು ನೂಲಿನ ಗಿರಣಿಯಲ್ಲಿದ್ದವರು, ಗಿರಣಿ ಮುಚ್ಚಿ ವರ್ಷಗಟ್ಟಲೆ ಮನೆಯಲ್ಲಿ ಕೂತವರು, ಐವತ್ತು ದಾಟಿದ ಮೇಲೆ ಈಗಿನ ಯಜಮಾನರ ತಂದೆಯ ಕಾಲು ಹಿಡಿದು ಈ ಕೆಲಸಕ್ಕೆ ಬಂದವರು. ನನಗೆ ಧೈರ್ಯ ಬಂತು. ನಮ್ಮಿಬ್ಬರದೂ ಒಂದೇ ಕತೆ, ಇನ್ನೇನು ಎಂದುಕೊಂಡೆ.

"ಸಾರ್, ಕೆಲಸ ಇಲ್ದೆ ಮನೇಲಿ ಕೂರೋದು ಏನು ಅಂತ ನಿಮಗೂ ಗೊತ್ತು" ಎಂದೆ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಗೊತ್ತು ಕಣ್ರೀ. ಚೆನ್ನಾಗಿ ಗೊತ್ತು. ಬೆಳಗ್ಗೆ ಎದ್ರೆ ಹೆಂಡ್ತಿ ಕಾಫಿ ಲೋಟ ಇಡೋ ಸದ್ದಲ್ಲೇ ಗೊತ್ತಾಗುತ್ತೆ, ಇವತ್ತು ಮೂಡು ಹೆಂಗಿದೆ ಅಂತ." ಸೊಂಟದ ಗೊಂಚಲು ಮುಟ್ಟಿ ನೋಡಿಕೊಂಡು ಹೇಳಿದರು, "ಅದಕ್ಕೇ ಬಿಡ್ತಿಲ್ಲ."

ಅವರ ಬಾಯಿಂದ ನಾನು ಕೇಳಿದ ಏಕೈಕ ಪ್ರಾಮಾಣಿಕ ಮಾತು ಅದು. ಅಂದಿನಿಂದ ನಮ್ಮ ನಡುವೆ ಮುಚ್ಚುಮರೆ ಉಳಿಯಲಿಲ್ಲ. ಕುರ್ಚಿ ಒಂದು, ಮನುಷ್ಯರು ಇಬ್ಬರು, ಇಬ್ಬರಿಗೂ ಮನೆಯಲ್ಲಿ ಕೂತು ಗೊತ್ತು.

ಬುಕಿಂಗಿಗೆ ಬಂದವರನ್ನೆಲ್ಲ ಅವರು ಮಾವಿನಸೊಪ್ಪಿನ ವಿಷಯ ಕೇಳುತ್ತಿದ್ದುದನ್ನು ನಾನು ಗಮನಿಸಿದ್ದೆ. ಸೊಪ್ಪಿನ ಖರ್ಚು ಉಳಿಸುವ ಜಿಪುಣತನ ಎಂದುಕೊಂಡಿದ್ದೆ. ಅದರ ಹಿಂದಿನ ಮರ್ಮವನ್ನು ಅವರು ಕಲಿಸಲಿಲ್ಲ, ಪೆಟ್ಟು ತಿಂದ ಮೇಲೆ ನಾನೇ ತಿಳಿದುಕೊಂಡೆ. ನಮ್ಮ ಛತ್ರ ಶುಭಕಾರ್ಯಕ್ಕೆ ಮಾತ್ರ. ತಿಥಿ, ವೈಕುಂಠ ಸಮಾರಾಧನೆಗಳಿಗೆ ಕೊಡುವುದಿಲ್ಲ. ಆದರೆ ಹದಿಮೂರನೇ ದಿನದ ಊಟಕ್ಕೆ ಜಾಗ ಸಿಗದೆ ಅಲೆದವರು ಸುಮ್ಮನೆ "ಹೋಮ, ಊಟ" ಎಂದು ಹೇಳಿ ಬುಕ್ ಮಾಡಿಬಿಡುವುದುಂಟು. ಮದುವೆ ಮನೆಯವರನ್ನು ಮಾವಿನಸೊಪ್ಪಿನ ಬಗ್ಗೆ ಕೇಳಿ ನೋಡಿ, ಗಂಡಿನವರು ತರಬೇಕೋ ಹೆಣ್ಣಿನವರು ತರಬೇಕೋ ಎಂದು ಅಲ್ಲೇ ಜಗಳ ಶುರುವಾಗುತ್ತದೆ. ಸಾವಿನ ಮನೆಯವರು ಮಾತ್ರ ಸುಮ್ಮನಾಗುತ್ತಾರೆ. ಸಾವಿನ ಊಟಕ್ಕೆ ಯಾರು ತೋರಣ ಕಟ್ಟುತ್ತಾರೆ.

ವೈಶಾಖದಲ್ಲಿ ಶ್ರೀಯುತರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಒಂದು ವಾರ ರಜೆ ಹಾಕಿದರು. ಬೀಗದ ಕೈ ಗೊಂಚಲನ್ನು ನನ್ನ ಕೈಗೆ ಕೊಡದೆ ಯಜಮಾನರ ಅಂಗಡಿಯಲ್ಲಿ ಇಟ್ಟು ಹೋದರು. ಆ ವಾರ ತಣಿಸಂದ್ರದ ಕಡೆಯವರೊಬ್ಬರು ಬಂದರು. ಬಹಳ ಸಾಧು ಮನುಷ್ಯ. ಬೆಳಗ್ಗೆ ಹೋಮ, ಮಧ್ಯಾಹ್ನ ಊಟ, ಎರಡು ಗಂಟೆಗೆ ಖಾಲಿ ಮಾಡಿಕೊಡ್ತೀವಿ ಎಂದರು. ಅವರು ಕೇಳಿದ ದಿನ ಮೂರು ಗಂಟೆಗೆ ಒಂದು ಮದುವೆಯವರು ಬರುವುದಿತ್ತು. ಬೆಳಗ್ಗೆ ಹಾಲ್ ಹೇಗೂ ಖಾಲಿ. ಖಾಲಿ ಇದ್ದದ್ದನ್ನು ತುಂಬಿಸಿದೆನಲ್ಲ ಎಂಬ ಹೆಮ್ಮೆಯಲ್ಲಿ ಕೊಟ್ಟುಬಿಟ್ಟೆ.

ಆ ಹೋಮದ ದಿನವೇ ಬೆಳಗ್ಗೆ ಶ್ರೀಯುತರು ಕಪ್ಪು ಕನ್ನಡಕ ಹಾಕಿಕೊಂಡು ವಾಪಸು ಬಂದರು. ಬಾಗಿಲು ತೆಗೆಯಲು ನಾನು ಅಂಗಡಿಯಿಂದ ತಂದಿದ್ದ ಗೊಂಚಲನ್ನು ಇಸಿದುಕೊಂಡು ಸೊಂಟಕ್ಕೆ ಕಟ್ಟಿಕೊಂಡು ಗೇಟಿನಲ್ಲಿ ನಿಂತರು. ರಂಗೋಲಿ ಇರಲಿಲ್ಲ. ತೋರಣ ಇರಲಿಲ್ಲ. ಒಳಗೆ ವೇದಿಕೆಯ ಮೇಲೆ ಯಾರೋ ಒಂದು ದೊಡ್ಡ ಫೋಟೋದ ಕಾಗದ ಬಿಚ್ಚಿ ಗಂಧದ ಹಾರ ಹಾಕುತ್ತಿದ್ದರು. ನನಗೂ ಆ ಹಾರ ನೋಡಿದ ಮೇಲೇ ಅರ್ಥವಾದದ್ದು. ಶ್ರೀಯುತರು ಒಂದು ಕಣ್ಣಲ್ಲೇ ಎಲ್ಲ ನೋಡಿದರು, ಮತ್ತು ನಕ್ಕರು. ಅವರ ನಗುವನ್ನು ನಾನು ನೋಡಿದ್ದು ಆಗಲೇ. ಹಲ್ಲು ಚೆನ್ನಾಗಿದ್ದವು.

"ಸಾರ್, ಗೊತ್ತಾಗ್ಲಿಲ್ಲ ಸಾರ್. ಯಜಮಾನ್ರಿಗೆ ಫೋನ್ ಮಾಡ್ಲಾ?"

"ಯಾಕ್ರೀ ಅರ್ಜೆಂಟು. ಪಾಪ, ಊಟ ಮಾಡ್ಲಿ."

ತಾವೂ ಕೂತು ಊಟ ಮಾಡಿದರು. ಒಬ್ಬಟ್ಟು ಎರಡನೆಯ ಸಲ ಹಾಕಿಸಿಕೊಂಡರು. ಕೈತೊಳೆದು, ಆಫೀಸು ಕೋಣೆಗೆ ಹೋಗಿ, ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು ಗೇಟಿನ ಪಕ್ಕ ಹಾಕಿ ಕೂತರು. ನಾನು, ಲಕ್ಷ್ಮಮ್ಮ ಸೇರಿ ಹಾಲನ್ನು ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯತೊಡಗಿದೆವು. ಮೂರು ಗಂಟೆಯ ತನಕ ಸಮಯವಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

ಹೆಣ್ಣಿನ ತಂದೆ ಎರಡೂವರೆಗೇ ಟೆಂಪೋ ತುಂಬ ಸಾಮಾನು ಹೇರಿಕೊಂಡು ಬಂದರು. ನಾನು ಪೊರಕೆ ಹಿಡಿದೇ ಬಾಗಿಲಿಗೆ ಓಡಿದೆ. ಅಷ್ಟರಲ್ಲಿ ಅವರು ಶ್ರೀಯುತರನ್ನು ಮಾತಾಡಿಸಿಯಾಗಿತ್ತು.

"ಏನ್ ಸ್ವಾಮಿ, ಬಿಸಿಲಲ್ಲಿ ಹೊರಗೆ ಕೂತಿದೀರಿ?"

"ಒಳಗೆ ಹೆಂಗ್ ಕೂರ್ಲಿ ಹೇಳಿ. ಬೆಳಗ್ಗೆ ನಮ್ ಟ್ರೈನಿಂಗು ಇಲ್ಲೇ ವೈಕುಂಠ ಸಮಾರಾಧನೆ ಮಾಡ್ಸಿದಾರೆ. ನೀವು ಬರ್ತಿದೀರಿ ಅಂತ ಈಗ ತೊಳೀತಿದಾರೆ."

ಹೆಣ್ಣಿನ ತಾಯಿ ಟೆಂಪೋದಿಂದ ಇಳಿದವರು ಕಳಸದ ತಟ್ಟೆ ಹಿಡಿದುಕೊಂಡೇ ರಸ್ತೆಯಲ್ಲಿ ನಿಂತುಬಿಟ್ಟರು. ಒಳಗೆ ಕಾಲಿಡುವುದಿಲ್ಲ ಎಂದರು. ಗಂಡಿನವರು ಇನ್ನರ್ಧ ಗಂಟೆಯಲ್ಲಿ ಬರುವವರು. ಹೆಣ್ಣಿನ ತಂದೆ ಮೊದಲು ನನ್ನನ್ನು, ಆಮೇಲೆ ಛತ್ರವನ್ನು, ಆಮೇಲೆ ಅದನ್ನು ಕಟ್ಟಿಸಿದವರನ್ನು ಬೈದು, ಯಜಮಾನರಿಗೆ ಫೋನ್ ಮಾಡಿದರು. ಶ್ರೀಯುತರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, ಕರ್ಚೀಫಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ನನ್ನ ನಾಲ್ಕು ವರ್ಷ ಮತ್ತೆ ಶುರುವಾಗುವುದು ನನಗೆ ಕಾಣುತ್ತಿತ್ತು: ಗೇಟು, ಕೈಬೀಸುವುದು, ಸಿಲಿಂಡರು.

ಯಜಮಾನರು ಪುರೋಹಿತರನ್ನು ಕಾರಿನಲ್ಲಿ ಕೂರಿಸಿಕೊಂಡೇ ಬಂದರು. ಪುಣ್ಯಾಹವಾಯಿತು. ಮಾವಿನೆಲೆಯಿಂದ ಮೂಲೆಮೂಲೆಗೂ ನೀರು ಚಿಮುಕಿಸಿದರು. ಯಜಮಾನರು ಹೆಣ್ಣಿನ ತಾಯಿಯ ಮುಂದೆ ಕೈಮುಗಿದು ನಿಂತರು. ಬಾಡಿಗೆಯಲ್ಲಿ ಅರ್ಧ ಬಿಟ್ಟರು. ಗಂಡಿನವರ ಬಸ್ಸು ಬರುವ ಹೊತ್ತಿಗೆ ಕಳಸದ ತಟ್ಟೆ ಒಳಗೆ ಹೋಗಿತ್ತು.

ಆಮೇಲೆ ಯಜಮಾನರು ಗೇಟಿನ ಹತ್ತಿರ ಬಂದರು. ನಾನು ತಲೆತಗ್ಗಿಸಿ ನಿಂತಿದ್ದೆ. ಅವರು ನನ್ನ ಕಡೆ ತಿರುಗಲೇ ಇಲ್ಲ.

"ನಿಮಗೆ ಬೆಳಗ್ಗೇನೇ ಗೊತ್ತಾಯ್ತಂತೆ" ಎಂದರು ಶ್ರೀಯುತರಿಗೆ.

"ನೋಡಿದ್ ತಕ್ಷಣ ಗೊತ್ತಾಯ್ತು ಯಜಮಾನ್ರೇ. ಅನುಭವ."

"ನಂಗ್ಯಾಕೆ ಹೇಳ್ಲಿಲ್ಲ? ಅವ್ರಿಗ್ಯಾಕೆ ಹೇಳಿದ್ರಿ?"

"ತಪ್ಪು ಇವರ್ದು ಯಜಮಾನ್ರೇ."

"ತಪ್ಪು ಇವರ್ದು. ಬಾಯಿ ನಿಮ್ದು. ತಪ್ಪಿಗೆ ಪುರೋಹಿತರು ಸಿಕ್ಕಿದ್ರು. ಬಾಯಿಗೆ ಯಾರನ್ನ ಕರೆಸ್ಲಿ?" ಕಾರಿನ ಕಡೆ ಹೊರಡುತ್ತ, "ನಾಳೆಯಿಂದ ರೆಸ್ಟ್ ತಗೊಳ್ಳಿ. ಕಣ್ಣಿಗೂ ಒಳ್ಳೇದು" ಎಂದರು.

ಹೀಗೆ ನನಗೆ ಕೆಲಸ ಸಿಕ್ಕಿತು. ನನ್ನ ಯೋಗ್ಯತೆಯಿಂದ ಸಿಕ್ಕಿತೆಂದು ಹೆಂಡತಿಗೆ ಹೇಳಿದ್ದೇನೆ.

ಶ್ರೀಯುತರು ಎದ್ದು ಸೊಂಟದ ಗೊಂಚಲು ಬಿಚ್ಚಿದರು. ನಾನು ಕೈಚಾಚಿದೆ. ಅವರು ಅದನ್ನು ಲಕ್ಷ್ಮಮ್ಮನ ಕೈಗೆ ಕೊಟ್ಟು, "ಅವರಿಗೆ ಕೊಟ್ಬಿಡಮ್ಮ" ಎಂದರು. ನಾನು ಒಂದು ಮೊಳ ದೂರದಲ್ಲಿದ್ದೆ. ಗೇಟು ದಾಟುವಾಗ ತಿರುಗಿ, "ಮತ್ತೆ ಬರ್ತೀನಿ ಟ್ರೈನಿಂಗು" ಎಂದರು.

ಅವರನ್ನು ಮನೆಗೆ ಕಳಿಸಿ ನಾನು ಮನೆಯಿಂದ ಹೊರಬಂದೆ. ಇದರಲ್ಲಿ ಸಂತೋಷಪಡುವಂಥದ್ದು ಏನಿದೆ ಎಂದು ಕೆಲವರು ಕೇಳಿಯಾರು. ಇದೆ. ಮೊದಲ ತಿಂಗಳ ಕೊನೆಗೆ ಪಕ್ಕದ ಮನೆಯವರು ಸಿಲಿಂಡರ್ ಇಸಿದುಕೊಂಡು ಇಟ್ಟಿರಿ ಎಂದಾಗ, "ನಾನು ಡ್ಯೂಟಿಗೆ ಹೋಗ್ಬೇಕಲ್ಲ" ಎಂದೆ. ಆ ವಾಕ್ಯವನ್ನು ನಾಲ್ಕು ವರ್ಷದಿಂದ ಹಾಗೇ ಇಟ್ಟುಕೊಂಡಿದ್ದೆ.

ಆಮೇಲೆ ಮುಹೂರ್ತದ ದಿನಗಳಲ್ಲಿ ಶ್ರೀಯುತರು ಎದುರಿನ ಟೀ ಅಂಗಡಿಗೆ ಬಂದು ನಿಲ್ಲುತ್ತಿದ್ದರು, ಅದೇ ಸಫಾರಿಯಲ್ಲಿ. ಒಂದು ಲೋಟ ಟೀಯನ್ನು ಬಹಳ ಹೊತ್ತು ಕುಡಿಯುತ್ತಿದ್ದರು. ನಮ್ಮ ಸೀರಿಯಲ್ ದೀಪದ ಸರದಲ್ಲಿ ಒಂದೆರಡು ಬಲ್ಬು ಹೋಗಿದ್ದರೆ ಅಂಗಡಿಯವನಿಗೆ ತೋರಿಸುತ್ತಿದ್ದರಂತೆ. ನಾನು ಹೋಗಿ ಮಾತಾಡಿಸಲಿಲ್ಲ. ಬಲ್ಬು ಹಾಕಿಸುತ್ತಿದ್ದೆ. ಈಚೆಗೆ ಒಂದಷ್ಟು ತಿಂಗಳಿಂದ ಅವರು ಕಾಣಿಸಿರಲಿಲ್ಲ. ಬಲ್ಬುಗಳು ಹೋದದ್ದೂ ನನಗೆ ತಿಳಿಯುತ್ತಿರಲಿಲ್ಲ.

ಈಗ ಅವರ ಮಗ ನನ್ನ ಹೊಸ್ತಿಲಾಚೆ ನಿಂತಿದ್ದರು, ಮಾವಿನಸೊಪ್ಪಿಗೆ ಉತ್ತರವಿಲ್ಲದೆ.

"ಯಾವಾಗ ಹೋದ್ರು?" ಎಂದು ಕೇಳಿದೆ.

"ಸೋಮವಾರ. ಹೆಬ್ಬಾಳದಲ್ಲಿ ಆಸ್ಪತ್ರೇಲಿದ್ರು."

"ಹಾಲ್ ಕೊಡಕ್ಕಾಗಲ್ಲ. ಶುಭಕಾರ್ಯಕ್ಕೆ ಮಾತ್ರ. ಈ ರೂಲು ಇಟ್ಕೊಂಡು ಬಂದಿದ್ದು ನಿಮ್ ತಂದೇನೇ."

ಮಗ ಬೇಜಾರು ಮಾಡಿಕೊಳ್ಳಲಿಲ್ಲ. ಬದಲಾಗಿ, ದೊಡ್ಡ ಹೊರೆ ಇಳಿದವರಂತೆ ಉಸಿರು ಬಿಟ್ಟರು.

"ನಂಗೂ ಗೊತ್ತು ಸಾರ್. ಅಲ್ಲಾಳಸಂದ್ರದಲ್ಲಿ ನಮ್ ಮನೆ ಟೆರೇಸ್ ಮೇಲೇ ಶಾಮಿಯಾನ ಹಾಕ್ಸೋದು ಅಂತ ಆಗಿದೆ. ಆದ್ರೆ ಅಪ್ಪ ಆಸ್ಪತ್ರೇಲಿ ಪ್ರಾಮಿಸ್ ತಗೊಂಡ್ಬಿಟ್ಟಿದ್ರು. ಮೊದ್ಲು ಛತ್ರಕ್ಕೆ ಹೋಗು, ಹೋಮ ಊಟ ಅಂತ ಮಾತ್ರ ಹೇಳು, ಕೇಳಿ ನೋಡು ಅಂತ."

"ಕೊಟ್ಟಿದ್ರೆ?"

ಅವರು ನೆಲ ನೋಡಿದರು. "ಕೊಟ್ರೆ ತಕ್ಷಣ ಓನರ್‌ಗೆ ಒಂದು ಫೋನ್ ಹಾಕು ಅಂದ್ರು. ನಂಬರ್ ಕೂಡ ಹೇಳಿದ್ರು, ಬಾಯಲ್ಲೇ ಇತ್ತು."

"ಕೊಡದೇ ಇದ್ರೆ?"

"ಅದಕ್ಕೆ ಏನೂ ಹೇಳ್ಲಿಲ್ಲ ಸಾರ್."

ಹೇಳುವವರಲ್ಲ. ಮತ್ತೆ ಬರ್ತೀನಿ ಅಂದಿದ್ದರು, ಬಂದಿದ್ದರು. ಮೂಗಿನೊಳಗೆ ನಳಿಕೆ ಇಟ್ಟುಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಮನುಷ್ಯ ಯೋಚಿಸುತ್ತಿದ್ದದ್ದು ನನ್ನ ಕುರ್ಚಿಯ ಬಗ್ಗೆ.

ಹದಿಮೂರನೇ ದಿನ ಅಲ್ಲಾಳಸಂದ್ರಕ್ಕೆ ಹೋದೆ. ಯಾಕೆ ಹೋಗುವುದು ಎಂದು ಹೆಂಡತಿಯೂ ಕೇಳಿದಳು. ಸತ್ತದ್ದು ನಿಜವೋ ಎಂದು ನೋಡಿಕೊಂಡು ಬರುತ್ತೇನೆ ಎಂದೆ. ಟೆರೇಸಿನ ಮೇಲೆ ಶಾಮಿಯಾನ, ಒಂದು ಕೊನೆಯಲ್ಲಿ ಶ್ರೀಯುತರ ಫೋಟೋ, ಸಫಾರಿಯಲ್ಲೇ. ಕಾಲಿಡಲು ಜಾಗವಿರಲಿಲ್ಲ. ಹೂವಿನವನು, ವಾಲಗದವರು, ಅಡುಗೆ ಭಟ್ಟರು, ಎಲ್ಲ ಬಂದು ಕೂತಿದ್ದರು. ನೋಡಿದರೆ ಒಂದೂ ಕುರ್ಚಿ ಖಾಲಿ ಇರಲಿಲ್ಲ.

ಮಗ ನನ್ನನ್ನು ಕಂಡು, ಕೆಳಗಿನ ಮನೆಯಿಂದ ಒಂದು ಕುರ್ಚಿ ತರಿಸುತ್ತೇನೆಂದು ಹೊರಟರು. ನಾನು ಫೋಟೋದ ಕಡೆ ನೋಡಿದೆ. ಕಪ್ಪು ಕನ್ನಡಕವಿಲ್ಲದ ಎರಡೂ ಕಣ್ಣು ನನ್ನ ಮೇಲೇ ಇದ್ದವು.

"ಬೇಡ ಬಿಡಿ" ಎಂದೆ. "ಇವರ ಮುಂದೆ ನನಗೆ ನಿಂತೇ ಅಭ್ಯಾಸ."